ನೀಲಿ ಗೆರೆ

ಜಾಕಿನ ಮೇಲೆ ನಿಂತಿದ್ದ ಪಿಕಪ್ಪಿನ ಕೆಳಗಿನಿಂದ ತಮ್ಮನ ಎರಡು ಕಾಲು ಹೊರಗೆ ಚಾಚಿದ್ದವು. ಬ್ರೇಕಿನ ಕಡೆ.

ಅಣ್ಣ ಚಹಾದ ಲೋಟಗಳನ್ನು ಡ್ರಮ್ಮಿನ ಮೇಲಿಟ್ಟ.

"ಅಲ್ಲೇನ್ ಮಾಡ್ತಿದೀಯೋ?"

ನಟ್ಟು ತಿರುಗಿಸುವ ಪಾನಾದ ಸದ್ದು ನಿಂತಿತು. "ಏನಿಲ್ಲಣ್ಣ. ಈ ಪೈಪು ತುಕ್ಕು ತಿಂದಿದೆ. ಹೊಸದು ತಂದಿದೀನಿ."

"ಬ್ರೇಕ್ ಮುಟ್ಬೇಡ ಅಂದಿದ್ದೆ."

"ಅಂದಿದ್ದೆ."

ಆರು ತಿಂಗಳ ಹಿಂದೆ ತಮ್ಮನನ್ನು ಮತ್ತೆ ಮನೆಗೆ ಕರೆಸಿಕೊಂಡಾಗ ಅಣ್ಣ ಹಾಕಿದ್ದ ಷರತ್ತು ಅದೊಂದೇ. ವೆಲ್ಡಿಂಗ್ ನಿನ್ನದು, ಬ್ರೇಕು ನನ್ನದು. ಅಪ್ಪನ ಗಾಡಿ ಏಳು ವರ್ಷದಿಂದ ಹಿತ್ತಿಲ ತಗಡಿನ ಶೆಡ್ಡಿನಲ್ಲಿ ಮೂತಿ ಜಜ್ಜಿಕೊಂಡು ಕೂತಿತ್ತು. "ಕಣ್ಣು ಮುಚ್ಚೋಕೆ ಮೊದಲು ಅದರಲ್ಲಿ ಒಂದ್ಸಲ ಕೂರ್ಬೇಕು ಕಣೋ" ಎಂದಿದ್ದಳು ಅಮ್ಮ. ಅಣ್ಣನಿಗೆ ವೆಲ್ಡಿಂಗ್ ಬಾರದು. ತಮ್ಮ ಬೆಸೆದರೆ ಇರುವೆ ಸಾಲು ಹೊರಟ ಹಾಗೆ, ಒಂದೇ ಸಮ.

ಅವನು ಬಂದ. ಛಾಸಿಯ ತೂತುಗಳನ್ನು ಮುಚ್ಚಿದ. ಮಂಡಿ ನೋವಿನ ಅಮ್ಮನಿಗೆಂದು ಮಡಚುವ ಮೆಟ್ಟಿಲು ಕೂರಿಸಿದ. ಸಾಮಾನು ಹೇರುತ್ತಿದ್ದ ಹಿಂಭಾಗಕ್ಕೆ ಮರದ ಬೆಂಚು, ಹಿಡಿಯಲು ಸರಳು. ಅಮ್ಮ ಅವನೊಡನೆ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಕಿಟಕಿಯಲ್ಲಿ ಕೂತು ಪದ್ಯ ಹೇಳಿಕೊಳ್ಳುವವಳು, ಅವನು ಅಂಗಳಕ್ಕೆ ಕಾಲಿಟ್ಟೊಡನೆ ಸಾಲಿನ ನಡುವೆಯೇ ನಿಲ್ಲಿಸಿಬಿಡುತ್ತಿದ್ದಳು. ಆ ಅರ್ಧ ಸಾಲು ದಿನವಿಡೀ ಶೆಡ್ಡಿನ ಮೇಲೆ ತೂಗುತ್ತಿತ್ತು.

ಅಪ್ಪನ ಶೆಡ್ಡಿಗೆ ಒಂದು ಕಟ್ಟಳೆಯಿತ್ತು. ನಟ್ಟು ಬಿಗಿದವನು ಅದರ ಮೇಲೆ ತನ್ನ ಬಣ್ಣದ ಗೆರೆ ಎಳೆಯಬೇಕು. ಅಣ್ಣನದು ಕೆಂಪು, ತಮ್ಮನದು ನೀಲಿ. ಇಬ್ಬರ ಜೇಬಿನಲ್ಲೂ ಸದಾ ಒಂದೊಂದು ಪುಟ್ಟ ಶೀಶೆ. "ನೆನಪು ಸುಳ್ಳು ಹೇಳುತ್ತೆ, ಬಣ್ಣ ಹೇಳಲ್ಲ" ಎನ್ನುತ್ತಿದ್ದರು ಅಪ್ಪ. ಅಣ್ಣನದು ಚುರುಕು ಕೈ. ಸಾಲಾಗಿ ಗೆರೆಗಳನ್ನು ಮೊದಲೇ ಎಳೆದು ಆಮೇಲೆ ಪಾನಾ ಹಿಡಿಯುತ್ತಿದ್ದ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾನೆ ನಮ್ಮಣ್ಣ" ಎಂದು ತಮ್ಮ ಆಗೆಲ್ಲ ರೇಗಿಸುತ್ತಿದ್ದ. ಈ ಆರು ತಿಂಗಳಲ್ಲಿ ಆ ಮಾತು ಅವನ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಏಳು ವರ್ಷದ ಹಿಂದೆ ಒಂದು ಸಂಜೆ ಇಬ್ಬರೂ ಇದೇ ಗಾಡಿಯಡಿ ಮಲಗಿ ಬ್ರೇಕ್ ಪೈಪು ಬದಲಿಸುತ್ತಿದ್ದರು. ಅಷ್ಟರಲ್ಲಿ ಅಣ್ಣನ ಹೆಂಡತಿಗೆ ಹೆರಿಗೆ ನೋವು ಬಂತು. "ನಂದು ಮುಗೀತು, ನಿಂದು ನೋಡ್ಕೋ" ಎಂದು ಕೂಗುತ್ತಲೇ ಅಣ್ಣ ಓಡಿದ. ಮರುದಿನ ಬೆಳಿಗ್ಗೆ ಮೊಮ್ಮಗಳ ಮುಖ ನೋಡಲು ಹೊರಟ ಅಪ್ಪ, ಇಳಿಜಾರಿನ ತುದಿಯ ಗೋಡೆಗೆ ಗುದ್ದಿದರು. ಬ್ರೇಕು ಹಿಡಿದಿರಲಿಲ್ಲ.

ಮೊದಲು ಅಲ್ಲಿಗೆ ಓಡಿದವನು ತಮ್ಮ. ಆಸ್ಪತ್ರೆಯಿಂದ ಅಣ್ಣ ಬರುವ ಹೊತ್ತಿಗೆ ಅಪ್ಪನ ದೇಹವನ್ನು ಒಯ್ದಾಗಿತ್ತು. ತಮ್ಮ ಗಾಡಿಯ ಚಕ್ರಕ್ಕೆ ಒರಗಿ ಕೂತಿದ್ದ. ಬೆರಳ ತುದಿಯಲ್ಲಿ ನೀಲಿ ಇನ್ನೂ ಹಸಿಯಾಗಿತ್ತು. ತಪಾಸಣೆಗೆ ಬಂದವನು ಬ್ರೇಕ್ ಪೈಪಿನ ಸಡಿಲ ನಟ್ಟನ್ನು ಎರಡೇ ಬೆರಳಲ್ಲಿ ತಿರುಗಿಸಿ ತೋರಿಸಿದ. ಮೇಲೆ ನೀಲಿ ಗೆರೆ.

"ನಂದೇ" ಎಂದ ತಮ್ಮ. ಅಮ್ಮ ಅಂದೇ ಅವನಿಗೆ ಬಾಗಿಲು ಹಾಕಿದಳು.

ಈಗ ಎಲ್ಲ ಮುಗಿಯುತ್ತ ಬಂದಿತ್ತು. ಅಪ್ಪನ ಗಾಡಿಯ ಒಂದು ಭಾಗವನ್ನೂ ಎಸೆಯಬಾರದು, ಜಿಡ್ಡು, ಹಳೆ ಬಣ್ಣ ಕರಗಿಸುವ ಥಿನ್ನರಿನಲ್ಲಿ ತೊಳೆದು ಮತ್ತೆ ಕೂರಿಸಬೇಕು ಎಂಬುದು ಅಣ್ಣನ ಹಟ. ಬ್ರೇಕನ್ನು ಮಾತ್ರ ಮುಟ್ಟದೆ ಬಿಟ್ಟಿದ್ದ. ಅದನ್ನು ನೋಡುವ ಎದೆ ಅವನಿಗಿರಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಹೇಳಿದ್ದ: "ನಾಳೆ ಬ್ರೇಕಿನ ಸಾಮಾನೂ ತೊಳೆದುಬಿಡ್ತೀನಿ." ತಮ್ಮನ ಕೈಯ ತುತ್ತು ಬಾಯಿಗೆ ಹೋಗದೆ ನಿಂತಿತ್ತು.

"ಹೊರಗ್ ಬಾ."

ತಮ್ಮ ತೆವಳಿ ಬಂದ. ಬಲಗೈ ಮುಷ್ಟಿ ಬಿಗಿದಿತ್ತು.

"ಕೈಲೇನು?"

"ಗುಜರಿ ಕಣಣ್ಣ. ಬಿಸಾಕ್ತೀನಿ."

ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅದೇ ನಟ್ಟು. ಗ್ರೀಸಿನ ಕಪ್ಪಿನಲ್ಲೂ ನೀಲಿ ಇಣುಕುತ್ತಿತ್ತು.

ಅಣ್ಣ ನಟ್ಟನ್ನು ಅವನ ಮುಖದೆದುರು ಹಿಡಿದ. "ಇಷ್ಟು ವರ್ಷ ಆದ್ಮೇಲೆ ಕರೆದು ಪಕ್ಕದಲ್ಲಿ ಕೂರಿಸ್ಕೊಂಡೆ. ಉಂಡ ಮನೆಗೆ ಎರಡು ಬಗೀತೀಯಲ್ಲೋ! ತಪ್ಪು ಮಾಡಿದ್ದನ್ನ ಕ್ಷಮಿಸಿದ್ದೆ. ಮುಚ್ಚಿಹಾಕೋದನ್ನ ಕ್ಷಮಿಸಲ್ಲ."

"ಮುಚ್ಚಿದ್ದು ನಿಜ ಅಣ್ಣ." ತಮ್ಮ ನೆಲ ನೋಡುತ್ತಿದ್ದ. "ಬೇಕಾದ್ರೆ ನೀನೇ ಇಟ್ಕೋ. ತೊಳೀಬೇಡ, ಅಷ್ಟೆ."

"ತೊಳೆದ್ರೆ ನಿನ್ನ ಪಾಪ ಹೋಗ್ಬಿಡುತ್ತೆ ಅಂತ ಹೆದರಿಕೆ ನಂಗಿಲ್ಲ. ನಡಿ. ಇನ್ನು ಈ ಕಡೆ ತಲೆ ಹಾಕಬೇಡ."

ತಮ್ಮ ಹೊಸ ಪೈಪನ್ನು ಬಾನೆಟ್ಟಿನ ಮೇಲಿಟ್ಟ. ಚಹಾ ಮುಟ್ಟಲಿಲ್ಲ. ಗೇಟಿನ ಬಳಿ ತಿರುಗಿ ನಿಂತ. "ಬೆಂಚಿನ ಎಡತುದಿ ಸ್ವಲ್ಪ ತಗ್ಗು ಮಾಡಿದೀನಿ. ನಿನ್ನ ಮಗಳು ಪುಟ್ಟಿಯ ಕಾಲು ನೆಲಕ್ಕೆ ಎಟುಕ್ಲಿ ಅಂತ." ಕಿಟಕಿಯತ್ತ ಒಮ್ಮೆ ನೋಡಿದ. ಅಮ್ಮ ಮುಖ ತಿರುಗಿಸಿದಳು.

ಗೇಟು ಕಿರುಗುಟ್ಟಿ ಮುಚ್ಚಿತು. ಕಿಟಕಿಯಲ್ಲಿ ಅಮ್ಮ, ಬೆಳಿಗ್ಗೆ ಪದ್ಯ ನಿಂತಲ್ಲಿಂದಲೇ ಸಾಲನ್ನು ಎತ್ತಿಕೊಂಡಳು.

ಅಣ್ಣ ಅಪ್ಪನ ಫೋಟೋದ ಕೆಳಗೆ ಒಂದು ಮೊಳೆ ಹೊಡೆದು ಬಂದ. ಆ ನಟ್ಟು ಅಲ್ಲೇ ತೂಗಲಿ. ಅವನನ್ನು ಕರೆದು ಕೂರಿಸಿದ ತನಗೆ ಪಾಠವಾಗಲಿ. ಗ್ರೀಸ್ ಹೋಗಿ ನೀಲಿ ಮಾತ್ರ ಎದ್ದು ಕಾಣಲೆಂದು ನಟ್ಟನ್ನು ಥಿನ್ನರಿನ ತಟ್ಟೆಯಲ್ಲಿ ಅರೆಗಳಿಗೆಯಷ್ಟೇ ಅದ್ದಿದ. ಹೊರತೆಗೆದು, ಹಳೆ ಬಟ್ಟೆಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಒಂದೇ ಸಲ ಉಜ್ಜಿದ.

ನೀಲಿ ಬಟ್ಟೆಗೆ ಬಂತು. ಅದರಡಿಯಲ್ಲಿ ಒಂದು ಕೆಂಪು ಗೆರೆ.