ಡಚೆಸ್ ಮಂಡಿಯೂರಿದಾಗ

ಕುಸ್ತಿಯ ರಿಂಗಿನೊಳಗೆ ರೆಫರಿ ತನ್ನೆರಡೂ ಕೈಗಳನ್ನು ತಲೆಯ ಮೇಲೆತ್ತಿ ಒಂದರ ಮೇಲೊಂದು ಅಡ್ಡವಾಗಿ ಹಿಡಿದಾಗ ಸೇಂಟ್ ಲೂಯಿಸ್‌ನ ಆ ಸ್ಟೇಡಿಯಮ್ಮಿನ ಅರ್ಧ ಜನ ಎದ್ದು ನಿಂತರು. ಮುಂದಿನ ಸಾಲಿನಲ್ಲಿದ್ದ ಆಂಬ್ರೋಸ್ ಟಲ್ಲಿ ಮಾತ್ರ ಕೂತಲ್ಲೇ ಇನ್ನೊಂದು ಚಿಪ್ಸನ್ನು ಚೀಸಿನಲ್ಲಿ ಅದ್ದಿದ.

“ಕೈ ಹಾಗೆ ಹಿಡಿದ್ರೆ ನಿಜವಾಗ್ಲೂ ಪೆಟ್ಟಾಗಿದೆ ಅಂತ ಅರ್ಥ ಕಣ್ರೀ,” ಪಕ್ಕದ ಕುರ್ಚಿಯ ಮುದುಕಿ ಓಪಲ್ ಅವನ ತೋಳನ್ನು ಹಿಡಿದಳು. “ಆ ಹುಡುಗಿ ಅಲ್ಲಾಡ್ತಾನೇ ಇಲ್ಲ.”

“ಅದು ಹಳೇ ಕಾಲದ ಅರ್ಥ, ಅಮ್ಮಾ. ಈಗ ಆ ಸನ್ನೇನೂ ಆಟದೊಳಗೇ ಸೇರಿಸ್ಕೊಂಡಿದ್ದಾರೆ. ನಿಮ್ಮಂಥೋರನ್ನ ಅಳಿಸೋಕೆ.”

“ಸಾಯಂಕಾಲದಿಂದ ಇದೇ ಆಯ್ತು ನಿಮ್ದು. ಮೊದಲನೇ ಕುಸ್ತಿ ಉಪ್ಪಿಲ್ಲದ ಸಾರು, ಎರಡನೇದು ರಬ್ಬರ್ ಎಳೆದ ಹಾಗಿತ್ತು, ಮೂರನೇದ್ರಲ್ಲಿ ಗೆದ್ದೋನಿಗೆ ಗೆಲ್ಲೋ ಮುಖಾನೇ ಇಲ್ಲ ಅಂತ. ಒಂದ್ಸಲನಾದ್ರೂ ಆ ಕೆಟ್ಟೋರನ್ನ ನೋಡಿ ಬಾಯ್ಬಿಟ್ಟು ಬೂ ಅಂದ್ರಾ? ಯಾಕ್ರೀ ಬರ್ತೀರಿ ನೀವೆಲ್ಲ?”

“ಬೂ ಅನ್ನೋದು ನಂಬೋರ ಕೆಲಸ. ನಾನು ನೋಡೋಕೆ ಬಂದೋನು.” ಆಂಬ್ರೋಸ್ ಬೆರಳು ಒರೆಸಿಕೊಂಡ. “ಅಲ್ಲಿ ಬಿದ್ದಿರೋಳು ನನ್ನ ಮಗಳು.”

ಓಪಲ್ ಅವನ ಮುಖವನ್ನು ನೋಡಿದಳು. ತೊಡೆಯ ಮೇಲಿದ್ದ ತಟ್ಟೆಯನ್ನು ನೋಡಿದಳು. “ಮಗಳು ಬಿದ್ದಿದ್ದಾಳೆ, ನೀವು ಚಿಪ್ಸ್ ತಿಂತಿದೀರಾ?”

ತಿನ್ನದೆ ಇನ್ನೇನು ಮಾಡಬೇಕಿತ್ತು? ಬೆಳಗ್ಗೆ ಪ್ಯಾನ್‌ಕೇಕ್ ಮಗುಚುತ್ತ ಲೆಟ್ಟಿ ಸ್ಪಷ್ಟವಾಗಿ ಹೇಳಿದ್ದಳು: “ಅಪ್ಪಾ, ರಿಂಗಿನ ಮೇಲಿನ ಹಗ್ಗದಿಂದ ನಾನು ಬೀಳ್ತೀನಿ. ತುಂಬಾ ಹೊತ್ತು ಏಳಲ್ಲ. ಕಡೇಲಿ ಗೆಲ್ಲೋದು ನಾನೇ. ಏನಾದ್ರೂ ಆಗ್ಲಿ, ನೀನು ಕುರ್ಚಿ ಬಿಟ್ಟು ಏಳಬೇಡ. ಇಂಥ ಶೋ ನನಗೆ ಇನ್ನೊಂದ್ಸಲ ಸಿಗಲ್ಲ.” ಶಾಲೆಗಳ ವ್ಯಾಯಾಮದ ಕೋಣೆಗಳಲ್ಲಿ, ಹಳೆಯ ಗೋದಾಮುಗಳಲ್ಲಿ ವರ್ಷಗಟ್ಟಲೆ ಬಿದ್ದೆದ್ದು ಬಂದ ಹುಡುಗಿಯ ಮೊದಲ ದೊಡ್ಡ ರಾತ್ರಿ ಇದು. ಅವನು ಮಾತು ಕೊಟ್ಟಿದ್ದ. ಅಲ್ಲದೆ, ಅವಳ ಬೀಳುವಿಕೆ ಇಡೀ ಶೋದಲ್ಲೇ ಶ್ರೇಷ್ಠವಾದದ್ದೆಂದು ಮನಸ್ಸಿನಲ್ಲೇ ತೀರ್ಪನ್ನೂ ಬರೆದುಕೊಂಡಿದ್ದ.

“ಈಗ ನೋಡಿ, ಡಚೆಸ್ ಬಂದು ಅವಳ ಎದೆ ಮೇಲೆ ಕಾಲಿಡ್ತಾಳೆ,” ಎಂದ.

ಲೆಟ್ಟಿಯ ಎದುರಾಳಿ ಡಚೆಸ್ ಗ್ರಿಮ್ ರಿಂಗಿನ ಮೂಲೆಯಿಂದ ಕದಲಿದಳು. ಖಳನಾಯಕಿಯ ವೇಷವನ್ನು ಅವಳು ಊಟದ ಹೋಟೆಲಿನಲ್ಲೂ ಕಳಚುತ್ತಿರಲಿಲ್ಲ. ಹಸ್ತಾಕ್ಷರ ಕೇಳಿದ ಮಕ್ಕಳ ಮುಂದೆ ಕಾಗದವನ್ನು ಹರಿದೆಸೆದು ಹೋಗುವಳು. ದ್ವೇಷವೇ ಅವಳ ಅನ್ನ. ಅವಳು ಲೆಟ್ಟಿಯ ಬಳಿ ಬಂದು ಒಂದು ಕ್ಷಣ ಅವಳ ಮುಖ ನೋಡಿದಳು. ಕಾಲನ್ನು ಎತ್ತಲಿಲ್ಲ. ತಲೆಯ ಮೇಲಿನ ಚಿನ್ನದ ಬಣ್ಣದ ಕಿರೀಟವನ್ನು ತೆಗೆದು ಪಕ್ಕಕ್ಕಿಟ್ಟು ಮಂಡಿಯೂರಿದಳು. ಅಂಚಿನ ತನಕ ತುಂಬಿದ ಕೊಡವನ್ನು ಹಿಡಿಯುವಂತೆ ಲೆಟ್ಟಿಯ ತಲೆಯನ್ನು ಎರಡೂ ಅಂಗೈಗಳ ನಡುವೆ ಅಲ್ಲಾಡದಂತೆ ಹಿಡಿದಳು. ಹೊಸದೇನೋ ಕ್ರೌರ್ಯವೆಂದುಕೊಂಡ ಜನ ಇಮ್ಮಡಿ ಸ್ವರದಲ್ಲಿ ಬೂ ಎಂದರು.

ಆಂಬ್ರೋಸನ ಬಾಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು.

“ಏನಾಯ್ತು?” ಓಪಲ್ ಕೇಳಿದಳು.

“ಅವಳು ಕಿರೀಟ ತೆಗೆದ್ಲು.”

ಅವನು ಎದ್ದದ್ದು ಅವನಿಗೇ ತಿಳಿಯಲಿಲ್ಲ; ತಟ್ಟೆ ಕೆಳಗುರುಳಿತು. ಕಬ್ಬಿಣದ ಬೇಲಿಯನ್ನು ದಾಟುವವರ ಕೈ ತಿರುಚಿ ಹೊರಗಟ್ಟುವುದಕ್ಕೆಂದೇ ನಿಂತಿದ್ದ ಕಾವಲುಗಾರ ಅವನತ್ತ ತಿರುಗಿದ. ತಡೆಯುತ್ತಾನೆ, ತಡೆದರೆ ಸಾಕು, ಎಲ್ಲವೂ ಆಟವೇ ಎಂದಾಗುತ್ತದೆ ಎಂದು ಆಂಬ್ರೋಸ್ ಆಸೆಪಟ್ಟ. ಕಾವಲುಗಾರ ಬೇಲಿಯನ್ನು ಎತ್ತಿ ದಾರಿ ಬಿಟ್ಟ.

ಆಂಬ್ರೋಸ್ ಹಗ್ಗಗಳ ನಡುವೆ ನುಸುಳಿ ಮಗಳ ಪಕ್ಕ ಕೂತ. ಲೆಟ್ಟಿಯ ಕಣ್ಣುಗಳು ತೆರೆದಿದ್ದವು. “ಏಳಬೇಡ ಅಂದಿದ್ನಲ್ಲ ಅಪ್ಪಾ,” ಎಂದಳು. ಆಮೇಲೆ, ಸಣ್ಣ ದನಿಯಲ್ಲಿ, “ಕಾಲು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ.”

“ಮುಟ್ಟಬೇಡಿ ಅವಳನ್ನ,” ಡಚೆಸ್ ತಲೆಯೆತ್ತದೆ ಹೇಳಿದಳು. “ಡಾಕ್ಟರು ಬರ್ತಿದ್ದಾರೆ. ಅಲ್ಲೀತನಕ ಈ ತಲೆ ನಾನು ಬಿಡಲ್ಲ.”

ಅಷ್ಟರಲ್ಲಿ ಜನರಿಗೂ ಏನೋ ಹೊಳೆಯತೊಡಗಿತು. ಒಬ್ಬ ತಂದೆ ಬೇಲಿ ದಾಟಿದ್ದನ್ನು ನೋಡಿದ ಸಾಲುಗಳು ಒಂದೊಂದಾಗಿ, ಊರಿನ ದೀಪಗಳು ಆರುವಂತೆ, ಮೌನವಾದವು. ಆ ಮೌನ ಲೆಟ್ಟಿಯ ಕಿವಿಗೆ ತಲುಪಿದ ಕೂಡಲೇ ಅವಳ ಉಸಿರು ಏರುಪೇರಾಯಿತು.

“ಯಾಕೆ ಸುಮ್ಮನಾಗ್ತಿದ್ದಾರೆ? ಅಪ್ಪಾ, ಏನು ನೋಡಿದ್ರು ಅವ್ರು? ನನಗೇನಾಗಿದೆ?” ಅವಳು ಕತ್ತನ್ನು ತಿರುಗಿಸಲು ಹೆಣಗಿದಳು. ಡಚೆಸ್‌ಳ ಬೆರಳ ಗೆಣ್ಣುಗಳು ಬಿಳಿಚಿದವು.

ಆಗ ಡಚೆಸ್ ಮೊದಲ ಬಾರಿಗೆ ಮುಖವೆತ್ತಿ, ಅವನಿಗೆ ಮಾತ್ರ ಕಾಣುವಂತೆ, ದನಿಯಿಲ್ಲದ ತುಟಿಗಳಲ್ಲಿ ಹೇಳಿದಳು: “ಇವಳು ಹೆದರಿ ಕತ್ತು ತಿರುಗಿಸಿದ್ರೆ ಮುಗೀತು. ನನ್ನ ಬೈಯಿರಿ. ಜೋರಾಗಿ.”

ಆಂಬ್ರೋಸ್ ಎದ್ದು ನಿಂತು, ಜನರ ಕಡೆ ತಿರುಗಿ, ಕೈಗಳನ್ನು ಬಾಯಿಯ ಸುತ್ತ ಹಿಡಿದ. ಜೀವಮಾನದಲ್ಲಿ ಮಾಡದಿದ್ದ ಸದ್ದು ಗಂಟಲಿನಿಂದ ಹೊರಬರಲು ಒಂದಿಷ್ಟು ಹೊತ್ತು ಹಿಡಿಯಿತು.

“ಬೂ...”

ಅಷ್ಟು ದೊಡ್ಡ ಸ್ಟೇಡಿಯಮ್ಮಿನಲ್ಲಿ ಅದೊಂದೇ ದನಿ. ಮತ್ತೆ ಕೂಗಿದ. ಮುಂದಿನ ಸಾಲಿನಿಂದ ಓಪಲ್‌ಳ ಒಡಕು ಸ್ವರ ಜೊತೆಗೂಡಿತು. ಅವಳ ಹಿಂದಿನವರದು, ಅವರ ಹಿಂದಿನವರದು. ಕಡೆಗೆ ಇಡೀ ಸ್ಟೇಡಿಯಂ ಮಳೆ ಹೊಯ್ದಂತೆ ಡಚೆಸ್ ಗ್ರಿಮ್‌ಳನ್ನು ಶಪಿಸತೊಡಗಿತು.

“ಶೋ ಇನ್ನೂ ನಡೀತಾ ಇದೆ,” ಎಂದು ಲೆಟ್ಟಿ ಕಣ್ಣು ಮುಚ್ಚಿಕೊಂಡಳು. ಉಸಿರು ನಿಧಾನವಾಯಿತು. ಅವಳ ಹಣೆಯ ಮೇಲೆ, ಡಚೆಸ್‌ಳ ಕೆನ್ನೆಯಿಂದ ಜಾರಿದ ಕಾಡಿಗೆಯ ಕಪ್ಪು ಹನಿಗಳು ಬೀಳುತ್ತಲೇ ಇದ್ದವು. ತಲೆ ಹಿಡಿದ ಕೈಗಳು ಮಾತ್ರ ಕದಲಲಿಲ್ಲ.