ಬಂದರಿನ ಹಳದಿ ಗೆರೆ

ನಿಕಾಹ್ ಆದ ದಿನವೇ ಆ ದ್ವೀಪದ ಹೆಣ್ಣುಮಕ್ಕಳ ಬಲ ಮಣಿಕಟ್ಟಿಗೆ ಉಕ್ಕಿನ ಬಳೆ ಬೀಳುತ್ತಿತ್ತು. ಗಂಡ ಬಳೆಯ ಮೇಲೆ ಒಪ್ಪಿಗೆಯ ಹೆಬ್ಬೆಟ್ಟು ಒತ್ತದಿದ್ದಾಗ ಹೆಂಡತಿ ಬಂದರಿನ ಹಳದಿ ಗೆರೆ ದಾಟಿದರೆ ಬಳೆ ಕೆಂಡವಾಗುತ್ತಿತ್ತು.

ಆಚೆ ದಡದ ಆಸ್ಪತ್ರೆಯಲ್ಲಿದ್ದ ತಂಗಿ ರುಮಾನಾಳಿಗೆ ಕಿಡ್ನಿ ಕೊಡಲು ಸಫೂರಾ ಹೊರಟಿದ್ದಳು. ಗಂಡ ಜಲೀಲ್ ಹೆಬ್ಬೆಟ್ಟು ಒತ್ತಿರಲಿಲ್ಲ. ಅವಳು ನಿಕಾಹ್ ಪತ್ರವನ್ನು ಬಂದರಿನ ಅಧಿಕಾರಿಯ ಮುಂದಿಟ್ಟಳು.

“ನನ್ನ ಪ್ರಯಾಣ ತಡೆಯಬಾರದು ಅಂತ ಶರತ್ತು ಬರೆಸಿದ್ದೇನೆ. ಖಾಜಿಯವರ ಸಹಿಯೂ ಉಂಟು.”

“ಶರತ್ತು ಸರಿಯೇ ಉಂಟಮ್ಮ. ಆದ್ರೆ ಬಳೆಗೆ ಓದ್ಲಿಕ್ಕೆ ಬರುವುದಿಲ್ಲ.”

ಅಷ್ಟರಲ್ಲಿ ಜಲೀಲ್ ಬಂದ. ಅವಳ ತಲೆ ಹಿಡಿದು ಮುಖವನ್ನು ಕೌಂಟರಿನ ಅಂಚಿಗೆ ಬಡಿದ. ಹಲ್ಲು ಮುರಿದು ಪತ್ರದ ಮೇಲೆ ರಕ್ತ ಚೆಲ್ಲಿತು.

“ಸಾಹೇಬ್ರೇ, ಬದಿಗೆ ಕರ್ಕೊಂಡು ಹೋಗಿ ಹೊಡೀರಿ,” ಎಂದ ಅಧಿಕಾರಿ. “ಹಿಂದೆ ಕ್ಯೂ ಉಂಟು.”

ಜಲೀಲ್ ಅವಳನ್ನು ಬದಿಗೆ ಎಳೆದ. ಸಫೂರಾ ಅವನ ಹೆಬ್ಬೆರಳನ್ನು ಕಚ್ಚಿ, ಬಿಡಿಸಿಕೊಂಡು ಗೆರೆ ದಾಟಿದಳು.

ಬಳೆ ಕೆಂಪಾಯಿತು. ಚರ್ಮ ಸೀದು ಮಾಂಸ ಬೆಂದ ವಾಸನೆ ಹಬ್ಬಿತು. ಅವಳು ಕಿರುಚುತ್ತಲೇ ಓಡಿ ದೋಣಿ ಹತ್ತಿದಳು, ಕೈಯನ್ನು ಸಮುದ್ರದಲ್ಲಿ ಅದ್ದಿದಳು. ಆಚೆ ದಡಕ್ಕೆ ಬೆನ್ನಟ್ಟಿ ಹೋಗುವ ಅಧಿಕಾರ ದ್ವೀಪದ ಯಾರಿಗೂ ಇರಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯೆ ಅವಳ ಕೈ ನೋಡಿದರು. ಎಲುಬು ಕಾಣುತ್ತಿತ್ತು.

“ಈ ಕೈ ಉಳಿಯುವುದಿಲ್ಲ. ನಿಮ್ಮ ತಂಗಿಯೂ ಹೆಚ್ಚು ದಿನ ಕಾಯುವ ಸ್ಥಿತಿಯಲ್ಲಿಲ್ಲ.”

“ಹಾಗಾದ್ರೆ ಒಂದೇ ಸಲ ಮಲಗಿಸಿ ಕೈ, ಕಿಡ್ನಿ ಎರಡನ್ನೂ ತೆಗೀರಿ, ಡಾಕ್ಟ್ರೇ.”

ವೈದ್ಯೆ ಒಪ್ಪಿಗೆ ಪತ್ರ ತಂದರು.

“ಇದಕ್ಕೆ ಯಾರ ಸಹಿ ಬೇಕು?” ಎಂದು ಕೇಳಿದಳು ಸಫೂರಾ.

“ನಿಮ್ಮದೇ.”

ಅವಳು ಎಡಗೈಯಲ್ಲಿ ಪೆನ್ನು ಹಿಡಿದು ಒಂದೊಂದೇ ಅಕ್ಷರ ಬರೆದಳು.