ಕೆಂಪು ಸೀಗಡಿ

ನಳದ ನೀರು ಮೊದಲು ಸೀಗಡಿಯ ಗಾಜಿನ ತೊಟ್ಟಿಗೆ ಬೀಳಬೇಕು. ಸೀಗಡಿ ಒಂದು ಸುತ್ತು ಓಡಾಡಿದ ಮೇಲೆಯೇ ಮನೆಯವರು ಕುಡಿಯಬೇಕು. ಹುಬ್ಬಳ್ಳಿಯಲ್ಲಿ ಈಗ ಎಲ್ಲರ ಮನೆಯ ರೂಢಿ ಅದು. ವಾರ್ಡಿನವರು ಕೊಡುವ ಸೀಗಡಿಗೆ ಬಣ್ಣವೇ ಇಲ್ಲ, ನೀರಿನ ವಿಷ ತಗಲಿ ಸತ್ತರೆ ಮಾತ್ರ ಕೆಂಪಾಗುತ್ತದೆ. ಆದರೆ ಮಗಳು ತುಂಗಿ ಹಟ ಹಿಡಿದಳೆಂದು ನೀಲಾಂಬಿಕೆ ಸಂತೆಯಿಂದ ಚೆಂದದ ಕೆಂಪು ಸೀಗಡಿಯನ್ನೇ ತಂದು ಸಾಕಿದ್ದಳು. ತುಂಗಿ ಅದಕ್ಕೆ ಕೆಂಪಿ ಎಂದು ಹೆಸರಿಟ್ಟಿದ್ದಳು.

ಇವತ್ತು ಅದು ಪಾಚಿಯ ಮೇಲೆ ಅಲುಗದೆ ಕೂತಿತ್ತು. ತುಂಗಿಯ ಕೈಯಲ್ಲಿ ಖಾಲಿ ಲೋಟವಿತ್ತು.

“ನೀರ ಕುಡದೇನ?”

“ನೀರಡಿಕಿ ಆಗಿತ್ತವ್ವಾ. ಕೆಂಪಿ ಎದ್ದಿದ್ಳು.”

ಅತ್ತೆ ಅಡುಗೆಮನೆಯಿಂದ ಕೂಗಿದರು: “ಕೆಂಪಗಾಗೇತೇನ ನೋಡ, ನೀಲಾ!”

“ಅದು ಮೊದಲಿಂದಾನೂ ಕೆಂಪ ಐತ್ರೀ ಅತ್ತಿ,” ಎಂದಳು ನೀಲಾಂಬಿಕೆ.

“ನೋಡವ್ವಾ, ಮೀಸಿ ಅಲ್ಲಾಡಸಾಕತ್ತಾಳ!” ತುಂಗಿ ನಕ್ಕಳು.

ಹೌದು, ನೂಲಿನಂಥ ಮೀಸೆ ಅಲ್ಲಾಡುತ್ತಿತ್ತು. ನೀಲಾಂಬಿಕೆಗೆ ಹೋದ ಜೀವ ಬಂದಂತಾಯಿತು. ಆಮೇಲೆ ತೊಟ್ಟಿಗೆ ಬೀಳುತ್ತಿದ್ದ ನೀರಿನ ಸದ್ದು ಅವಳಿಗೆ ಕೇಳಿಸಿತು. ನಳ ತಿರುಗಿಸಿದಳು.

ನೀರು ನಿಂತಿತು. ಮೀಸೆಯೂ ನಿಂತಿತು.